ರಾತ್ರಿ ನಿಲ್ಲಿಸಿದ ಕಾರಿನ ಮುಂಭಾಗ ಬೆಳಿಗ್ಗೆ ಕುಸಿದಿರುತ್ತದೆ: ಏರ್ ಸಸ್ಪೆನ್ಷನ್ ಸೋರಿಕೆ ಪತ್ತೆ ಮಾಡುವುದು ಹೇಗೆ?

ಪ್ರಶ್ನೆ (ಬೆಂಗಳೂರು)

ನಮಸ್ಕಾರ. ಎರಡು ವರ್ಷದ ಹಿಂದೆ ನಾನು ಜರ್ಮನಿಯಲ್ಲಿ ತಯಾರಾದ, ವಿ8 ಎಂಜಿನ್ನಿನ ಹಳೆಯ ಪರ್ಫಾರ್ಮೆನ್ಸ್ ಸೆಡಾನ್ ಒಂದನ್ನು ಕೊಂಡೆ. ಅದರ ನಾಲ್ಕೂ ಚಕ್ರಗಳಿಗೆ ಕಾಯಿಲ್ ಸ್ಪ್ರಿಂಗಿನ ಬದಲು, ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ಕಾರನ್ನು ಹೊರುವ ಏರ್ ಸ್ಟ್ರಟ್‌ಗಳಿವೆ. ಕಳೆದ ಮಳೆಗಾಲದಿಂದೀಚೆಗೆ, ರಾತ್ರಿ ಸಮನಾಗಿ ನಿಲ್ಲಿಸಿದ ಕಾರಿನ ಮುಂಭಾಗ ಬೆಳಗಾಗುವಷ್ಟರಲ್ಲಿ ಎರಡೂ ಕಡೆ ಕುಸಿದು, ಟೈರಿನ ಮೇಲಂಚು ಮಡ್‌ಗಾರ್ಡಿನೊಳಗೆ ಮರೆಯಾಗಿರುತ್ತದೆ. ಎಂಜಿನ್ ಚಾಲೂ ಮಾಡಿದ ಎರಡು ಮೂರು ನಿಮಿಷದಲ್ಲಿ ಮತ್ತೆ ಎದ್ದು ನಿಲ್ಲುತ್ತದೆ, ಆದರೆ ಗಾಳಿ ತುಂಬುವ ಕಂಪ್ರೆಸರ್ ಮೊದಲಿಗಿಂತ ಬಹಳ ಹೊತ್ತು ಸದ್ದು ಮಾಡುತ್ತದೆ. ಕಳೆದ ವಾರ ಅದು ಏಳುವ ಮೊದಲೇ ಅವಸರದಲ್ಲಿ ಹೊರಟು, ನಮ್ಮ ಬೀದಿಯ ಹಂಪ್ ಮೇಲೆ ಕಾರಿನ ಹೊಟ್ಟೆ ಉಜ್ಜಿತು.

ನಾನು ತೋರಿಸಿದ ವರ್ಕ್‌ಶಾಪಿನವರು ಕಂಪ್ರೆಸರ್ ಮತ್ತು ಮುಂದಿನ ಎರಡೂ ಸ್ಟ್ರಟ್ ಬದಲಿಸಬೇಕೆಂದು ಅಂದಾಜು ಪಟ್ಟಿ ಕೊಟ್ಟಿದ್ದಾರೆ. ಕಾರಣ ಕೇಳಿದಾಗ ಸ್ಕ್ಯಾನರಿನಲ್ಲಿ ಬಂದ ಕೋಡ್ ತೋರಿಸಿದರು. ನಿಗದಿತ ಸಮಯದೊಳಗೆ ಒತ್ತಡ ಏರಲಿಲ್ಲ ಎಂಬುದಕ್ಕಿಂತ ಹೆಚ್ಚಿನದೇನೂ ಆ ಕೋಡಿನಲ್ಲಿ ಇಲ್ಲ. ಇಷ್ಟು ದೊಡ್ಡ ಖರ್ಚಿಗೆ ಕೈಹಾಕುವ ಮೊದಲು ಗಾಳಿ ಎಲ್ಲಿ ಸೋರುತ್ತಿದೆ ಎಂದು ಮನೆಯಲ್ಲೇ ಖಚಿತಪಡಿಸಿಕೊಳ್ಳುವ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಮೈಸೂರು, ಗ್ಯಾರೇಜ್ ಕೆಲಸದಲ್ಲಿರುವವರು)

ಸರ್, ಈಗಲೇ ಕಂಪ್ರೆಸರ್ ಬದಲಿಸಬೇಡಿ. ಎಲ್ಲೋ ಒಂದು ಕಡೆ ಗಾಳಿ ಸೋರುತ್ತಿರುತ್ತದೆ, ಅದನ್ನು ತುಂಬಿಸಲು ಕಂಪ್ರೆಸರ್ ಅಳತೆ ಮೀರಿ ದುಡಿಯುತ್ತದೆ, ಕಾದು ನಿಂತುಹೋಗುತ್ತದೆ, ಕೊನೆಗೆ ಸುಡುತ್ತದೆ. ಸೋರಿಕೆ ಹಾಗೆಯೇ ಉಳಿದರೆ ಹೊಸ ಕಂಪ್ರೆಸರಿಗೂ ಅದೇ ಗತಿ.

ನಾನು ಮೊದಲು ಕೈಯಾಡಿಸಿದ್ದು ಐರಾವತದಂಥ ವೋಲ್ವೊ ಬಸ್ಸುಗಳ ಏರ್ ಸಸ್ಪೆನ್ಷನ್ ಮೇಲೆ. ಬಸ್ಸಿನಲ್ಲಿ ಎಂಜಿನ್ನೇ ಕಂಪ್ರೆಸರನ್ನು ತಿರುಗಿಸುವುದರಿಂದ ಗಾಳಿಗೆ ಬರವಿಲ್ಲ, ಸಣ್ಣ ಸೋರಿಕೆಯನ್ನು ಅದು ತಿಂಗಳುಗಟ್ಟಲೆ ಸಹಿಸಿಕೊಳ್ಳುತ್ತದೆ. ಕಾರಿನಲ್ಲಿರುವುದು ಬ್ಯಾಟರಿ ಕರೆಂಟಿನಿಂದ ಓಡುವ ಚಿಕ್ಕ ಕಂಪ್ರೆಸರ್, ಅದೂ ಸ್ವಲ್ಪ ಹೊತ್ತು ಓಡಿ ಬಿಡುವು ಪಡೆಯುವಂತೆ ಮಾಡಿದ್ದು. ಹಾಗಾಗಿ ಕಾರಿನಲ್ಲಿ ಚಿಕ್ಕ ಸೋರಿಕೆಯನ್ನೂ ಉದಾಸೀನ ಮಾಡುವಂತಿಲ್ಲ.

ಇನ್ನು ನಿಮ್ಮ ಕಾರು ಎರಡೂ ಕಡೆ ಇಳಿಯುವ ವಿಚಾರ. ಕಾರು ನಿಂತ ಮೇಲೂ ಸಸ್ಪೆನ್ಷನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಕಂಟ್ರೋಲ್ ಮಾಡ್ಯೂಲ್, ಆಗಾಗ ಎಚ್ಚೆತ್ತು ಎತ್ತರ ನೋಡುತ್ತದೆ. ಒಂದು ಮೂಲೆ ಸೋರಿ ಇಳಿದಿದ್ದರೆ, ಕಾರು ಓರೆಯಾಗದಿರಲಿ ಎಂದು ಸರಿಯಾಗಿರುವ ಇನ್ನೊಂದು ಮೂಲೆಯ ಗಾಳಿಯನ್ನೂ ತಾನೇ ಹೊರಬಿಟ್ಟು ಸಮ ಮಾಡುತ್ತದೆ. ಬೆಳಿಗ್ಗೆ ನೋಡಿದವರಿಗೆ ಎರಡೂ ಸ್ಟ್ರಟ್ ಕೆಟ್ಟಂತೆ ಕಾಣುವುದು ಈ ಕಾರಣಕ್ಕೆ, ಮತ್ತು ಚೆನ್ನಾಗಿರುವ ಎಷ್ಟೋ ಸ್ಟ್ರಟ್‌ಗಳು ಗುಜರಿ ಸೇರುವುದೂ ಈ ಕಾರಣಕ್ಕೆ.

ಆದ್ದರಿಂದ ಸಂಜೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಸಾಮಾನ್ಯ ಎತ್ತರಕ್ಕೆ ಬಂದ ಮೇಲೆ ಆ ಮಾಡ್ಯೂಲಿನ ಫ್ಯೂಸ್ ತೆಗೆದಿಡಿ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಮಿಲಿಮೀಟರಿನಲ್ಲಿ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಬೆಳಿಗ್ಗೆ ಮತ್ತೆ ಅಳೆಯಿರಿ. ರಾತ್ರಿಯ ತಂಪಿಗೆ ಒಳಗಿನ ಗಾಳಿ ಕುಗ್ಗುವುದರಿಂದ ನಾಲ್ಕೂ ಕಡೆ ಕೆಲವು ಮಿಲಿಮೀಟರ್ ಇಳಿದರೆ ಗಾಬರಿ ಬೇಡ. ಒಂದೇ ಮೂಲೆ ಗಣನೀಯವಾಗಿ ಇಳಿದಿದ್ದರೆ ಆ ಮೂಲೆಯ ಸ್ಟ್ರಟ್, ಅದರ ಪೈಪ್ ಅಥವಾ ವಾಲ್ವ್ ಬ್ಲಾಕಿನಲ್ಲಿ (ಗಾಳಿಯನ್ನು ಮೂಲೆಮೂಲೆಗೆ ಹಂಚುವ ವಾಲ್ವ್ ಪೆಟ್ಟಿಗೆ) ಅದಕ್ಕೆ ಸೇರಿದ ವಾಲ್ವ್, ಈ ಮೂರರಲ್ಲಿ ಒಂದು ಕೆಟ್ಟಿದೆ. ಎರಡು ಮೂಲೆಗಳು ಒಟ್ಟಿಗೆ ಇಳಿದರೆ ನನ್ನ ಮೊದಲ ಅನುಮಾನ ವಾಲ್ವ್ ಬ್ಲಾಕಿನ ಮೇಲೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿಯ ಮೇಲೆ ನಿಂತಿರುವ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ತೂರಿಸಬಾರದು. ಅದು ಹೇಳದೆ ಕೇಳದೆ ಇಳಿಯುತ್ತದೆ. ಕೆಳಗೆ ಕೆಲಸವಿದ್ದರೆ ಜಾಕ್ ಮಾತ್ರ ಸಾಲದು, ಗಟ್ಟಿಯಾದ ಸ್ಟ್ಯಾಂಡ್ ಕೊಡಲೇಬೇಕು.

ಉತ್ತರ (ಮಂಗಳೂರು)

ಮೇಲಿನವರು ಹೇಳಿದ್ದಕ್ಕೆ ಕರಾವಳಿಯ ಅನುಭವವನ್ನು ಸೇರಿಸುತ್ತೇನೆ. ಕಂಪ್ರೆಸರ್ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಅದರೊಂದಿಗೆ ತೇವವೂ ಬರುತ್ತದೆ. ಅದನ್ನು ಹೀರಲು ಡ್ರೈಯರಿನೊಳಗೆ ಹರಳುಗಳಿರುತ್ತವೆ, ಗಾಳಿ ಹೊರಹೋಗುವಾಗ ಅದೇ ದಾರಿಯಲ್ಲಿ ಹಾದು ಅವನ್ನು ಒಣಗಿಸುತ್ತದೆ. ಸೋರಿಕೆಯಿದ್ದಾಗ ಗಾಳಿ ಬೇರೆ ದಾರಿಯಿಂದ ಹೋಗುವುದರಿಂದ ಹರಳುಗಳು ಒಣಗುವುದೇ ಇಲ್ಲ, ತೇವ ವಾಲ್ವ್ ಬ್ಲಾಕಿನವರೆಗೂ ಮುಟ್ಟಿ ತುಕ್ಕು ಹಿಡಿಸುತ್ತದೆ. ನಿಮಗೆ ಮಳೆಗಾಲದಿಂದ ತೊಂದರೆ ಶುರುವಾಗಿರುವುದರಿಂದ ಡ್ರೈಯರನ್ನು ಬಿಚ್ಚಿ ನೋಡಿಸಿ. ಕಂಪ್ರೆಸರಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ಸ್ವಿಚ್ಚಾದ ರಿಲೇಯನ್ನೂ ಬದಲಿಸಿಬಿಡಿ, ಏಕೆಂದರೆ ಅದರ ಕಾಂಟ್ಯಾಕ್ಟ್ ಒಳಗೆ ಅಂಟಿಕೊಂಡರೆ ಮಾಡ್ಯೂಲ್ ನಿಲ್ಲಲು ಹೇಳಿದರೂ ಕಂಪ್ರೆಸರ್ ನಿಲ್ಲುವುದಿಲ್ಲ.

ಬೇಸತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸುವ ಯೋಚನೆ ಬಂದರೆ ಸ್ವಲ್ಪ ತಾಳಿ. ನಾನು ಹಾಗೆ ಮಾಡಿಸಿದ ಕಾರನ್ನು ಓಡಿಸಿದ್ದೇನೆ. ಭಾರಕ್ಕೆ ತಕ್ಕಂತೆ ಎತ್ತರ ಸರಿಪಡಿಸಿಕೊಳ್ಳುವ, ವೇಗ ಏರಿದಾಗ ತಗ್ಗಿ ನೆಲ ಹಿಡಿಯುವ ಗುಣ ಎರಡೂ ಹೋಗುತ್ತವೆ. ಅಂಥ ಕಾರನ್ನು ಕೊಂಡವರು ಕಳೆದುಕೊಳ್ಳಬಾರದ ಗುಣಗಳು ಅವು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಫ್ಯೂಸ್ ತೆಗೆದು ರಾತ್ರಿ 9 ಗಂಟೆಗೂ ಬೆಳಿಗ್ಗೆ 7 ಗಂಟೆಗೂ ಅಳೆದೆ. ಹಿಂದಿನ ಎರಡೂ ಕಡೆ 3 ಮಿ.ಮೀ., ಮುಂದಿನ ಎಡಕ್ಕೆ 4 ಮಿ.ಮೀ., ಮುಂದಿನ ಬಲಕ್ಕೆ 41 ಮಿ.ಮೀ. ಇಳಿದಿದೆ. ಎಡಗಡೆಯ ಸ್ಟ್ರಟ್ ಸರಿಯಾಗಿದೆ ಎಂದಾಯಿತು.

ಫ್ಯೂಸ್ ಮರಳಿ ಹಾಕಿ, ಕಾರು ಪೂರ್ತಿ ಎದ್ದ ಮೇಲೆ ಬಾನೆಟ್ ತೆರೆದು, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಿಂದ ಬಲ ಸ್ಟ್ರಟ್ಟಿನ ತಲೆಗೆ ಹಚ್ಚಿದೆ. ಒಂದು ನಿಮಿಷದವರೆಗೆ ಏನೂ ಕಾಣಲಿಲ್ಲ. ಆಮೇಲೆ ಪೈಪ್ ಒಳಹೋಗುವ ಹಿತ್ತಾಳೆ ಫಿಟ್ಟಿಂಗಿನ ಸುತ್ತ, ಸಾಸಿವೆಗಿಂತಲೂ ಚಿಕ್ಕ ಗುಳ್ಳೆಗಳು ಒಂದರ ಪಕ್ಕ ಒಂದು ಮೂಡಿ, ಬಿಳಿ ನೊರೆಯ ಉಂಗುರದಂತೆ ನಿಂತವು. ಒರೆಸಿ ಮತ್ತೆ ಹಚ್ಚಿದಾಗಲೂ ಅಲ್ಲೇ ಬಂದವು. ಇಷ್ಟಕ್ಕೆ ಸ್ಟ್ರಟ್ ಬದಲಿಸಬೇಕೇ?

ಉತ್ತರ (ಮೈಸೂರು)

ಬೇಡ ಸರ್. ಆದರೆ ಫಿಟ್ಟಿಂಗಿಗೆ ಕೈಹಾಕುವ ಮೊದಲು, ಸ್ಟ್ರಟ್ಟಿನ ಗಾಳಿ ಹಿಡಿದಿಡುವ ರಬ್ಬರ್ ಚೀಲ, ಅಂದರೆ ಬೆಲ್ಲೋಸ್, ಮಡಚಿಕೊಳ್ಳುವ ಜಾಗಕ್ಕೆ ಸೋಪಿನ ನೀರು ಹಾಕಿಸಿ ನೋಡಿ, ಏಕೆಂದರೆ ವಯಸ್ಸಾದ ಬೆಲ್ಲೋಸ್ ಬಿರುಕು ಬಿಡುವುದು ಆ ಮಡಿಕೆಯಲ್ಲೇ. ಅಲ್ಲಿ ಗುಳ್ಳೆ ಬಂದರೆ ಸ್ಟ್ರಟ್ ಬದಲಿಸುವುದೇ ದಾರಿ, ಯಾವ ಅಂಟೂ ಅಲ್ಲಿ ನಿಲ್ಲುವುದಿಲ್ಲ.

ಬೆಲ್ಲೋಸ್ ಚೆನ್ನಾಗಿದ್ದರೆ ಕೆಲಸ ಚಿಕ್ಕದು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಕ್ಯಾನರ್ ಮೂಲಕ ಆ ಮೂಲೆಯ ಗಾಳಿ ತೆಗೆಸಿ, ಆಮೇಲೆ ಫಿಟ್ಟಿಂಗನ್ನು ನಿಧಾನವಾಗಿ ಸಡಿಲಿಸಿ. ಪೈಪಿನ ತುದಿಯಲ್ಲಿ ಹಳೆಯ ಫಿಟ್ಟಿಂಗಿನ ಗೀರು ಉಳಿದಿರುತ್ತದೆ, ಹೊಸದನ್ನು ಹಾಕಿದರೂ ಗಾಳಿ ಅದೇ ಗೀರಿನಿಂದ ಸೋರುತ್ತದೆ. ಹರಿತವಾದ ಬ್ಲೇಡಿನಿಂದ ಆ ತುದಿಯನ್ನು ಒಂದು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸಿ, ಹೊಸ ಫಿಟ್ಟಿಂಗ್ ಕೂರಿಸಿ. ಕತ್ತರಿ ಬೇಡ, ಅದು ಪೈಪನ್ನು ಚಪ್ಪಟೆ ಮಾಡುತ್ತದೆ. ಕಾರನ್ನು ಚಕ್ರಗಳ ಮೇಲೆ ಇಳಿಸುವ ಮೊದಲು ಸ್ಟ್ರಟ್ಟಿಗೆ ಗಾಳಿ ತುಂಬಿಸಲೇಬೇಕು. ಖಾಲಿ ಬೆಲ್ಲೋಸಿನ ಮೇಲೆ ಭಾರ ಬಿದ್ದರೆ ಅದು ತಪ್ಪಾಗಿ ಮಡಚಿಕೊಂಡು ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು

ಬೆಲ್ಲೋಸಿನಲ್ಲಿ ಗುಳ್ಳೆ ಬರಲಿಲ್ಲ. ನೀವು ಹೇಳಿದಂತೆಯೇ ಪಕ್ಕದ ಬೀದಿಯ ಮೆಕ್ಯಾನಿಕ್ ಒಬ್ಬರಿಂದ ಪೈಪ್ ಕತ್ತರಿಸಿ, ಫಿಟ್ಟಿಂಗ್ ಮತ್ತು ರಿಲೇ ಬದಲಿಸಿದೆ. ಕತ್ತರಿಸಿದ ತುಂಡನ್ನು ಬೆಳಕಿಗೆ ಹಿಡಿದಾಗ ಅದರ ಸುತ್ತ ಉಗುರಿನಿಂದ ಗೀಚಿದಂಥ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ನಿನ್ನೆ ರಾತ್ರಿ ಮತ್ತೆ ಫ್ಯೂಸ್ ತೆಗೆದಿಟ್ಟು ಇಂದು ಬೆಳಿಗ್ಗೆ ಅಳೆದರೆ ಮುಂದಿನ ಬಲ ಮೂಲೆ ಇಳಿದಿರುವುದು 4 ಮಿ.ಮೀ., ಎಡದಷ್ಟೇ. ಡ್ರೈಯರ್ ಬಿಚ್ಚಿಸುವ ಕೆಲಸ ಮುಂದಿನ ವಾರಕ್ಕಿದೆ.