ಹ್ಯಾಮ್ ರೇಡಿಯೋದಿಂದ ಊರಿನ ಮನೆಗೆ ಇಂಟರ್ನೆಟ್ ತರಬಹುದಾ? (ಹೆಬ್ರಿ ಕಡೆ, ನೆಟ್‌ವರ್ಕ್ ಸೊನ್ನೆ)

ಗುಡ್ಡೆಮನೆ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಂಗಳೂರಿನಲ್ಲಿ. ಅಪ್ಪ, ಅಮ್ಮ, ತಮ್ಮ ಊರಲ್ಲಿ. ಊರು ಅಂದ್ರೆ ಹೆಬ್ರಿಯಿಂದ ಮೇಲೆ, ಸೋಮೇಶ್ವರದಿಂದ ಒಳಗೆ ಮಣ್ಣಿನ ರಸ್ತೆಯಲ್ಲಿ ಹೋಗಬೇಕು. ಮೂರು ಕಡೆ ಗುಡ್ಡೆ, ಒಂದು ಕಡೆ ತೋಟ, ನಡುವೆ ಮನೆ. ಮೊಬೈಲ್ ಸಿಗ್ನಲ್ ಇಲ್ಲವೇ ಇಲ್ಲ. ಹಟ್ಟಿಯ (ದನದ ಕೊಟ್ಟಿಗೆ) ಹಿಂದೆ ಹಲಸಿನ ಮರದ ಬುಡದಲ್ಲಿ ಮಾತ್ರ ಒಂದು ಕಡ್ಡಿ ಬರುತ್ತದೆ, ಅದೂ ಮರಕ್ಕೆ ಒರಗಿ ನಿಂತರೆ. ಅಮ್ಮ ಅಲ್ಲೊಂದು ಸ್ಟೂಲ್ ಇಟ್ಟಿದ್ದಾರೆ. ಮಳೆಗಾಲದಲ್ಲಿ ಕೊಡೆ ಹಿಡಿದು ಆ ಸ್ಟೂಲ್ ಮೇಲೆ ಕೂತು ನನಗೆ ಫೋನ್ ಮಾಡುತ್ತಾರೆ, ಮಾತಿನ ನಡುವೆ ಕಾಲಿಗೆ ಹತ್ತಿದ ಇಂಬಳ ಕೀಳುವುದು ಬೇರೆ.

ತಮ್ಮ ಈ ವರ್ಷ ಸೆಕೆಂಡ್ ಪಿಯು. ಕಾಲೇಜಿನವರು ನೋಟ್ಸ್, ಟೆಸ್ಟ್ ಎಲ್ಲಾ ಫೋನಿಗೇ ಕಳಿಸುತ್ತಾರೆ. ಅವನು ಸಂಜೆ ಸೋಮೇಶ್ವರದಲ್ಲಿರುವ ಮಾವನ ಅಂಗಡಿಯಲ್ಲಿ ಕೂತು ಡೌನ್‌ಲೋಡ್ ಮಾಡಿಕೊಂಡು ಬರುತ್ತಾನೆ, ಅಲ್ಲಿಗೆ ಫೈಬರ್ ಬಂದಿದೆ. ನಮ್ಮಲ್ಲಿಗೂ ಎಳೆಯಿರಿ ಅಂತ ಕೇಬಲಿನವರನ್ನು ಎರಡು ಸಲ ಕರೆಸಿದೆವು. ನಡುವೆ ಕಾಡು, ಕಂಬ ಹಾಕಲು ಅನುಮತಿ ಸಿಗುವುದಿಲ್ಲ, ಒಂದು ಮನೆಗೋಸ್ಕರ ಅಷ್ಟು ದೂರ ಆಗುವುದಿಲ್ಲ ಅಂತ ಹೇಳಿ ಹೋದರು.

ಮೊನ್ನೆ ಒಂದು ವಿಡಿಯೋ ನೋಡಿದೆ. ನಡು ಸಮುದ್ರದಲ್ಲಿ ಹಾಯಿದೋಣಿಯಲ್ಲಿ ಕೂತವನು ಹ್ಯಾಮ್ ರೇಡಿಯೋದಿಂದ (ಹವ್ಯಾಸಿಗಳ ರೇಡಿಯೋ) ಇಮೇಲ್ ಕಳಿಸುತ್ತಾನೆ. ಸಮುದ್ರದ ನಡುವಿಂದ ಆಗುವುದಾದರೆ ಹೆಬ್ರಿಯಿಂದ ಯಾಕೆ ಆಗಬಾರದು? ಆನ್‌ಲೈನಲ್ಲಿ ಎರಡು ಸಾವಿರಕ್ಕೆಲ್ಲಾ ವಾಕಿಟಾಕಿ ಸಿಗುತ್ತವಲ್ಲ, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ವಾಟ್ಸಾಪ್, ಗೂಗಲ್ ಪೇ ನಡೆಯುತ್ತದಾ? ಇಪ್ಪತ್ತು ಸಾವಿರದವರೆಗೆ ಹಾಕಲು ತಯಾರಿದ್ದೇನೆ. ಗೊತ್ತಿದ್ದವರು ಹೇಳಿ ಮಾರಾಯ್ರೆ.

---

ಹಳೇ_ಮೋರ್ಸ್

ಮೊದಲು ಆ ಎರಡು ಸಾವಿರದ ಸೆಟ್ಟನ್ನು ಕಾರ್ಟಿನಿಂದ ತೆಗೆಯಿರಿ. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ತಪ್ಪು. ಮಾರುವವರು ಅದನ್ನು ಹೇಳುವುದಿಲ್ಲ, ಅಷ್ಟೇ.

ನಾನು ಉಡುಪಿಯವ, ಹ್ಯಾಮ್ ಆಗಿ ಇಪ್ಪತ್ತು ವರ್ಷ ದಾಟಿತು. ಈ ಪ್ರಶ್ನೆಗೆ ಹೌದು ಅನ್ನಲು ನನಗೂ ಆಸೆ ಉಂಟು, ಆದರೆ ಸುಳ್ಳಾಗುತ್ತದೆ. ನೀವು ನೋಡಿದ್ದು ವಿನ್‌ಲಿಂಕ್ ಇರಬೇಕು. ಅದು ನಿಜ. ಶಾರ್ಟ್‌ವೇವ್‌ನಲ್ಲಿ ದೂರದ ಗೇಟ್‌ವೇ ಸ್ಟೇಷನ್ನಿಗೆ (ಇಂಟರ್ನೆಟ್ ಇರುವ ರೇಡಿಯೋ ಸ್ಟೇಷನ್) ಸಂಪರ್ಕ ಮಾಡಿ ಇಮೇಲ್ ದಾಟಿಸುವ ವ್ಯವಸ್ಥೆ. ದೋಣಿಯವರು ಬಳಸುತ್ತಾರೆ, ನೆರೆ, ಭೂಕಂಪ ಆದಲ್ಲಿ ಬಳಸುತ್ತಾರೆ. ಆದರೆ ಅದು ಇಮೇಲ್, ಇಂಟರ್ನೆಟ್ ಅಲ್ಲ. ಅಕ್ಷರ ಹೋಗುತ್ತದೆ, ಜೊತೆಗೆ ಒಂದು ಸಣ್ಣ ಫೈಲು. ಫೈಲಿನ ಮಿತಿಯೇ 120 ಕಿಲೋಬೈಟ್ ಆಸುಪಾಸು.

ವೇಗ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಸಾದಾ ವಿಎಚ್‌ಎಫ್ ಸೆಟ್ಟಿನಲ್ಲಿ (ವಾಕಿಟಾಕಿಯಂಥದ್ದು) ಪ್ಯಾಕೆಟ್ ಮಾಡಿದರೆ, ಅಂದ್ರೆ ಡೇಟಾವನ್ನು ತುಂಡು ತುಂಡಾಗಿ ಕಳಿಸಿದರೆ, ಸೆಕೆಂಡಿಗೆ 1200 ಬಿಟ್. ಅಂದ್ರೆ 150 ಬೈಟ್. ನಿಮ್ಮ ದೊಡ್ಡಪ್ಪ ಬೆಳಿಗ್ಗೆ ಕಳಿಸುವ ಶುಭೋದಯದ ಹೂವಿನ ಚಿತ್ರ 100 ಕಿಲೋಬೈಟ್ ಅಂತ ಇಟ್ಟುಕೊಳ್ಳಿ. ಎಲ್ಲಾ ಸರಿ ಇದ್ದರೂ ಅದು ಬಂದು ಇಳಿಯಲು ಹನ್ನೊಂದು ನಿಮಿಷ. ನಡುವೆ ಒಂದು ಪ್ಯಾಕೆಟ್ ಹಾಳಾದರೆ ಅದು ಮತ್ತೆ ಬರಬೇಕು. ನಿಜವಾಗಿ ಆಗುವಾಗ ಶುಭ ಮಧ್ಯಾಹ್ನ ಆಗಿರುತ್ತದೆ.

ವೇಗ ಬಿಡಿ, ಅದಕ್ಕಿಂತ ದೊಡ್ಡ ಅಡ್ಡಿ ಕಾನೂನು. ಹ್ಯಾಮ್ ಬ್ಯಾಂಡಿನಲ್ಲಿ ಹೋಗುವ ಮಾತು ಯಾರು ಬೇಕಾದರೂ ಕೇಳುವ ಹಾಗೆ ಬಿಚ್ಚಾಗಿರಬೇಕು, ಗುಟ್ಟಿನ ಸಂಕೇತ ಬಳಸುವ ಹಾಗಿಲ್ಲ. ವಾಟ್ಸಾಪ್ ಪೂರ್ತಿ ಗುಟ್ಟು. ಬ್ಯಾಂಕಿನ ಆ್ಯಪ್ ಗುಟ್ಟು. ಈಗ ಬೀಗದ ಚಿಹ್ನೆ ಇಲ್ಲದ ವೆಬ್‌ಸೈಟ್ ಒಂದಾದರೂ ಉಂಟಾ? ಮತ್ತೆ ವ್ಯಾಪಾರದ ಮಾತು ಕೂಡದು. ಅಪ್ಪ ಮಂಡಿಯವರಿಗೆ ಇಷ್ಟು ಅಡಿಕೆ ಕಳಿಸ್ತೇನೆ ಅಂತ ಹೇಳಿದರೂ ತಪ್ಪೇ. ಗೂಗಲ್ ಪೇ ಈ ಎರಡು ನಿಯಮವನ್ನೂ ಒಟ್ಟಿಗೇ ಮುರಿಯುತ್ತದೆ.

ಹಾಗಾದರೆ ಹ್ಯಾಮ್ ಎಂತಕ್ಕೆ ಅಂತ ಕೇಳಬಹುದು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರು ಹ್ಯಾಮ್ ಪ್ರಯೋಗಕ್ಕೆಂದೇ ಪೋರ್ಟ್ ಬ್ಲೇರ್‌ನಲ್ಲಿದ್ದರು. ಫೋನೆಲ್ಲಾ ಸತ್ತಿತ್ತು. ಅವರ ಸ್ಟೇಷನ್ನಿನಿಂದಲೇ ಎಷ್ಟೋ ಮನೆಗಳಿಗೆ ಸುದ್ದಿ ಮುಟ್ಟಿತು. ನಿಮ್ಮಂಥ ಜಾಗಕ್ಕೂ ಅದು ಒದಗುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ತಂತಿಯನ್ನು ನೆಲಕ್ಕೆ ಹತ್ತಿರವಾಗಿ ಅಡ್ಡ ಕಟ್ಟಿದರೆ ಸಿಗ್ನಲ್ ನೆಟ್ಟಗೆ ಆಕಾಶಕ್ಕೆ ಹೋಗಿ ಕೊಡೆಯ ಹಾಗೆ ಕೆಳಗೆ ಬೀಳುತ್ತದೆ, ನಡುವೆ ಘಟ್ಟ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ಗುಡ್ಡ ಜರಿದು ರಸ್ತೆ, ಕರೆಂಟು ಎರಡೂ ಹೋದ ದಿನ ಒಂದು ಕಾರ್ ಬ್ಯಾಟರಿ ಸಾಕು.

ತಮ್ಮನಿಗೆ ಆಸಕ್ತಿ ಇದ್ದರೆ ಪರೀಕ್ಷೆ ಬರೆಸಿ. 12 ವರ್ಷ ಆದವರೆಲ್ಲಾ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕಿ, ಗೆರೆಯ ಸಂಕೇತ) ಬೇಡ, ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದ. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ.

---

ಕಾಯುವವ

ಇಷ್ಟೆಲ್ಲಾ ಯಾಕೆ? ಸ್ಟಾರ್‌ಲಿಂಕಿಗೆ (ಉಪಗ್ರಹದಿಂದ ಬರುವ ಇಂಟರ್ನೆಟ್) 2025ರ ಜೂನ್‌ನಲ್ಲೇ ಲೈಸೆನ್ಸ್ ಸಿಕ್ಕಿದೆ. ಸುಮ್ನೆ ಕಾಯಿರಿ.

---

ತೋಟದ_ಟವರ್

ಕಾಯುವವರೇ, ಅವನ ತಮ್ಮನ ಪರೀಕ್ಷೆ ಕಾಯುವುದಿಲ್ಲ ಅಲ್ವಾ. ಮತ್ತೆ ಮೂರು ಕಡೆ ಗುಡ್ಡೆ, ಒಂದು ಕಡೆ ತೋಟ ಅಂತ ಬರೆದ ಜಾಗದಲ್ಲಿ ಆ ತಟ್ಟೆಗೂ ಆಕಾಶ ಕಾಣಬೇಕು.

ಗುಡ್ಡೆಮನೆಯವರೇ, ನಿಮ್ಮ ಪ್ರಶ್ನೆಯೊಳಗೇ ಉತ್ತರ ಉಂಟು, ನೀವು ನೋಡಲಿಲ್ಲ. ಮಾವನ ಅಂಗಡಿಗೆ ಫೈಬರ್ ಬಂದಿದೆ ಅಂತ ಬರೆದಿದ್ದೀರಿ. ಅಲ್ಲಿಂದ ಮನೆಗೆ ಗಾಳಿಯಲ್ಲಿ ತನ್ನಿ. ಅದಕ್ಕೆ ಹ್ಯಾಮ್ ಲೈಸೆನ್ಸ್ ಬೇಡ. 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ 2018ರಿಂದ ಎಲ್ಲರಿಗೂ ಮುಕ್ತ, ಪವರ್ ಮಿತಿಯೊಳಗೆ ಇದ್ದರೆ ಸಾಕು. ಗೋಡೆಗೆ ಹಾಕುವ ರೂಟರ್ ಅಲ್ಲ, ಕಂಬಕ್ಕೆ ಕಟ್ಟುವ ಹೊರಾಂಗಣ ರೇಡಿಯೋ, ಒಂದರ ಮುಖ ಒಂದಕ್ಕೆ. ನನ್ನದು ಬೆಳ್ತಂಗಡಿ ಕಡೆ, ಮೂರು ವರ್ಷದಿಂದ ನಡೆಯುತ್ತಿದೆ. ಜೋಡಿಗೆ ಹನ್ನೊಂದು ಸಾವಿರ ಕೊಟ್ಟಿದ್ದೆ.

ಒಂದೇ ಷರತ್ತು. ಎರಡು ರೇಡಿಯೋಗಳೂ ಒಂದಕ್ಕೊಂದು ಕಾಣಬೇಕು. ಕಾಣುವುದು ಅಂದ್ರೆ ಹಗ್ಗ ಎಳೆದ ಹಾಗೆ ಬರೀ ಒಂದು ಗೆರೆ ಅಲ್ಲ. ನಮ್ಮ ಮಂಗಳೂರು ಸೌತೆ ಉಂಟಲ್ಲ, ಎರಡು ತುದಿ ಸಪೂರ, ನಡು ದಪ್ಪ, ಆ ಆಕಾರದಷ್ಟು ಜಾಗ ಖಾಲಿ ಬೇಕು. 3 ಕಿಲೋಮೀಟರ್ ಲಿಂಕಿಗೆ ನಟ್ಟನಡುವೆ ಆ ಗೆರೆಯ ಸುತ್ತ ಸುಮಾರು 4 ಮೀಟರ್ ಎಂತದ್ದೂ ಅಡ್ಡ ಇರಬಾರದು. ಹ್ಯಾಮಿನವರ ಉದ್ದ ತರಂಗ ಗುಡ್ಡೆಯ ಅಂಚಿನಲ್ಲಿ ಸ್ವಲ್ಪ ಬಾಗುತ್ತದೆ. 5 ಗಿಗಾಹರ್ಟ್ಸ್ ಬಾಗುವುದಿಲ್ಲ, ಒಂದು ಹಸಿ ಎಲೆಗೂ ಹೆದರುತ್ತದೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಫೆಬ್ರವರಿಯಲ್ಲಿ ಹಾಕಿದೆ. 60 ಎಂಬಿಪಿಎಸ್ ಬಂತು, ಊರಿಗೆಲ್ಲಾ ಹೇಳಿಕೊಂಡು ತಿರುಗಿದೆ. ಜೂನ್ ಎರಡನೇ ವಾರ ಸತ್ತೇಹೋಯಿತು. ರೇಡಿಯೋ ಬಿಚ್ಚಿ ನೋಡಿದೆ, ಕೇಬಲ್ ಬದಲಿಸಿದೆ, ಎಲ್ಲಾ ಸರಿ ಇತ್ತು. ಕೊನೆಗೆ ಕಂಬಕ್ಕೆ ಏಣಿ ಇಟ್ಟು ಹತ್ತಿ ಆ ಕಡೆ ಕಣ್ಣು ಹಾಯಿಸಿದರೆ ಎದುರಿನ ಕಂಬವೇ ಕಾಣಲಿಲ್ಲ. ನಡುವೆ ಪಕ್ಕದವರ ತೇಗದ ಮರಗಳು. ಫೆಬ್ರವರಿಯಲ್ಲಿ ಎಲೆ ಉದುರಿ ಬರೀ ಕಡ್ಡಿ ಇದ್ದವು, ಮಳೆ ಬಿದ್ದ ಕೂಡಲೇ ಒಂದೊಂದು ಎಲೆ ಮೊರದಷ್ಟು. ಮತ್ತೆ ಕಂಬವನ್ನು ಇಪ್ಪತ್ತು ಅಡಿ ಎತ್ತರಿಸಿದೆ. ಹಾಗಾಗಿ ಬೇಸಿಗೆಯ ಟೆಸ್ಟ್ ನಂಬಬೇಡಿ.

ನಿಮ್ಮ ಮನೆ ಬಟ್ಟಲಿನೊಳಗೆ ಇದ್ದ ಹಾಗೆ ಕಾಣುತ್ತದೆ. ಅಂಗಡಿಯ ತಾರಸಿ ಮನೆಯಿಂದ ಕಾಣದಿದ್ದರೆ ಗುಡ್ಡೆಯ ತುದಿಯಲ್ಲಿ ಒಂದು ಕಂಬ, ಅದರಲ್ಲಿ ಎರಡು ರೇಡಿಯೋ, ಒಂದರ ಮುಖ ಅಂಗಡಿಗೆ, ಇನ್ನೊಂದರದು ಮನೆಗೆ. ಅಲ್ಲಿ ಕರೆಂಟ್ ಇರುವುದಿಲ್ಲ, ಸೋಲಾರ್ ಬೇಕು. ಒಂದು ರೇಡಿಯೋ 7 ವಾಟ್ ತಿನ್ನುತ್ತದೆ ಅಂತ ಇಟ್ಟರೆ ಎರಡಕ್ಕೆ ದಿನಕ್ಕೆ 336 ವಾಟ್ ಅವರ್, 12 ವೋಲ್ಟಿನಲ್ಲಿ 28 ಆಂಪ್ ಅವರ್. ಜುಲೈಯಲ್ಲಿ ನಮ್ಮಲ್ಲಿ ಮೂರು ದಿನ ಸೂರ್ಯನ ಮುಖ ಕಾಣದಿರುವುದು ಮಾಮೂಲಿ, ಆ ಲೆಕ್ಕದಲ್ಲಿ 100 ಆಂಪ್ ಅವರ್ ಬ್ಯಾಟರಿಯೂ ಜಾಸ್ತಿ ಅಲ್ಲ. ಇಲ್ಲಿ ನಿಮ್ಮ ಇಪ್ಪತ್ತು ಸಾವಿರ ದಾಟುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಇನ್ನು ಸಿಡಿಲು. ಇದನ್ನು ಹಗುರ ಮಾಡಬೇಡಿ. ಏಪ್ರಿಲ್, ಮೇ ಸಂಜೆಯ ಗುಡುಗಿಗೆ ನನ್ನ ಮೊದಲ ರೂಟರ್ ಮತ್ತು ಟಿವಿ ಒಟ್ಟಿಗೇ ಹೋದವು. ಕಂಬಕ್ಕೆ ಅರ್ತ್ ಗುಂಡಿ ಮಾಡಿಸಿ. ಕಂಬದಿಂದ ಮನೆಯೊಳಗೆ ಬರುವ ಕೊನೆಯ ಇಪ್ಪತ್ತು ಮೀಟರ್ ತಾಮ್ರದ ಕೇಬಲ್ ಬದಲು ಫೈಬರ್ ಎಳೆಸಿ, ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ.

ಮತ್ತೊಂದು, ಗುಡ್ಡೆಯ ತುದಿ ಯಾರದ್ದು? ನಿಮ್ಮ ವರ್ಗದ (ಸ್ವಂತ ಪಟ್ಟಾ) ಜಾಗವಾ, ಕುಮ್ಕಿಯಾ (ಪಟ್ಟಾ ಪಕ್ಕದ ಸರಕಾರಿ ಜಾಗ), ಅರಣ್ಯವಾ? ಆ ಕಡೆ ಸೋಮೇಶ್ವರ ಅಭಯಾರಣ್ಯ ಇದೆ. ಅರಣ್ಯವಾದರೆ ಒಂದು ಕೋಲು ಊರಲೂ ಹೋಗಬೇಡಿ.

---

ಹಳೇ_ಮೋರ್ಸ್

ತೋಟದವರು ಹೇಳಿದ್ದು ಸರಿ. ರೇಡಿಯೋ ಖರೀದಿಸುವ ಮೊದಲು ಕನ್ನಡಿ ಖರೀದಿಸಿ. ಬೆಳಿಗ್ಗೆ ಒಂಬತ್ತರ ಬಿಸಿಲಿಗೆ ಒಬ್ಬರು ಅಂಗಡಿಯ ತಾರಸಿಯಲ್ಲಿ, ಒಬ್ಬರು ಗುಡ್ಡೆಯಲ್ಲಿ ನಿಂತು ಮಿನುಗಿಸಿ. ಮಿಂಚು ಕಂಡರೆ ದಾರಿ ಇದೆ ಅಂತ ಅರ್ಥ. ನಾವು ಹ್ಯಾಮಿನವರು ಫೀಲ್ಡ್ ಡೇ ದಿನ (ಬಯಲಿನಲ್ಲಿ ಸ್ಟೇಷನ್ ಹಾಕುವ ದಿನ) ಆಂಟೆನಾ ತಿರುಗಿಸುವುದೂ ಹೀಗೆಯೇ.

ಒಂದು ತಮಾಷೆ ಹೇಳುತ್ತೇನೆ. ಇಂಟರ್ನೆಟ್ಟಿನಲ್ಲಿ ಕಂಪ್ಯೂಟರುಗಳಿಗೆ ಕೊಡುವ ನಂಬರಿನ ವಿಳಾಸಗಳಲ್ಲಿ (ಐಪಿ) 44ರಿಂದ ಶುರುವಾಗುವವೆಲ್ಲಾ 1980ರ ದಶಕದ ಆರಂಭದಿಂದಲೇ ಹ್ಯಾಮಿನವರ ಹೆಸರಲ್ಲಿದ್ದವು, ಒಂದು ಕೋಟಿ 67 ಲಕ್ಷ ವಿಳಾಸ! ಇಟ್ಟುಕೊಂಡು ಮಾಡುವುದೆಂತ, 2019ರಲ್ಲಿ ಅದರ ಕಾಲು ಭಾಗವನ್ನು ಅಮೆಜಾನಿಗೆ ಮಾರಿದರು. ವಿಳಾಸ ಬೇಕಾದಷ್ಟಿತ್ತು, ಸೆಕೆಂಡಿಗೆ 1200 ಬಿಟ್‌ನ ದಾರಿಯಲ್ಲಿ ಮನೆ ಕಟ್ಟುವವರು ಕಡಿಮೆ.

---

ಗುಡ್ಡೆಮನೆ_ಹುಡುಗ

ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಾಕಿಟಾಕಿ ತೆಗೆದುಕೊಳ್ಳಲಿಲ್ಲ. ಭಾನುವಾರ ಊರಿಗೆ ಹೋಗಿ ಅಮ್ಮನ ಕೋಣೆಯ ಕನ್ನಡಿ ಗೋಡೆಯಿಂದ ಇಳಿಸಿದೆ, ಅದಕ್ಕೆ ಬೈಗುಳ ಬೇರೆ. ಗುಡ್ಡೆಯ ತುದಿ ನಮ್ಮದೇ ವರ್ಗದ ಜಾಗ, ಆರ್‌ಟಿಸಿ ತೆಗೆಸಿ ನೋಡಿದೆವು. ಅಲ್ಲಿಂದ ಮಾವನ ತಾರಸಿಗೆ ಮಿಂಚು ಚೆನ್ನಾಗಿ ಕಂಡಿತು. ಮಾವ ಅಲ್ಲಿಂದ ಸ್ಟೀಲ್ ತಟ್ಟೆ ತೋರಿಸಿದರು, ಅದೂ ಕಂಡಿತು.

ತೊಂದರೆ ಆದದ್ದು ಮನೆ ಕಡೆ. ತುದಿಯಿಂದ ಮನೆಯ ಮಾಡಿಗೆ ನೇರ ಗೆರೆ ಹಾಕಿದರೆ ನಡುವೆ ನಾಗಬನ. ಅಲ್ಲಿನ ಮರದ ಒಂದು ಕೊಂಬೆ ಮುಟ್ಟುವ ಮಾತೇ ಇಲ್ಲ, ಅಪ್ಪನ ಹತ್ತಿರ ನಾನು ಆ ಮಾತು ಎತ್ತಲೂ ಇಲ್ಲ. ಕನ್ನಡಿ ಹಿಡಿದುಕೊಂಡು ತಮ್ಮ ಅಂಗಳವಿಡೀ ತಿರುಗಿದ. ಕೊನೆಗೆ ಹಟ್ಟಿಯ ಹಿಂದೆ ಹಲಸಿನ ಮರದ ಹತ್ತಿರ ಮಿಂಚು ಬಂತು. ಅದೇ ಅಮ್ಮನ ಸ್ಟೂಲ್ ಇದ್ದ ಜಾಗ! ಅಲ್ಲಿ ಒಂದು ಕಡ್ಡಿ ಯಾಕೆ ಬರುತ್ತಿತ್ತು ಅಂತ ಈಗ ಗೊತ್ತಾಯಿತು, ಬನ ಮತ್ತು ಗುಡ್ಡೆಯ ನಡುವೆ ಅಲ್ಲಿ ಮಾತ್ರ ಒಂದು ಸಂದು ಉಂಟು. ಕಂಬ ಅಲ್ಲೇ.

ಎರಡು ಪ್ರಶ್ನೆ ಉಳಿದಿದೆ. ಪಕ್ಕದ ಎರಡು ಮನೆಯವರು ನಮಗೂ ಕೊಡಿ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ ಅಂತ ಕೇಳುತ್ತಿದ್ದಾರೆ. ಆಗುತ್ತದಾ? ಮತ್ತೆ ಮನೆಯೊಳಗೆ ವೈಫೈ ಬಂದರೆ ಸಾದಾ ಫೋನ್ ಕಾಲ್ ಮಾಡಬಹುದಾ?

---

ತೋಟದ_ಟವರ್

ಕಾಲ್ ಆಗುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಜಿಯೋ, ಏರ್‌ಟೆಲ್ ಎರಡರಲ್ಲೂ ಉಂಟು. ಅಮ್ಮನ ಫೋನ್ ಹಳೆಯದಾದರೆ ಆ ಆಯ್ಕೆ ಇದೆಯಾ ಅಂತ ಮೊದಲು ನೋಡಿ.

ದುಡ್ಡು ತಗೊಂಡು ಹಂಚುವುದು ಹಾಗೆ ಸುಮ್ನೆ ಆಗುವುದಿಲ್ಲ, ಅದು ಇಂಟರ್ನೆಟ್ ಮಾರಿದ ಲೆಕ್ಕ. 2020ರಲ್ಲಿ ಬಂದ ಪಿಎಂ ವಾಣಿ ಅಂತ ಒಂದು ಯೋಜನೆ ಇದೆ, ಅದರಲ್ಲಿ ಮಾವನ ಅಂಗಡಿಯಂಥವರು ಲೈಸೆನ್ಸ್ ಇಲ್ಲದೆ ವೈಫೈ ಕೊಡಬಹುದು. ಮಾವನ ಕನೆಕ್ಷನ್ ಕೊಟ್ಟವರ ಹತ್ತಿರ ಆ ಬಗ್ಗೆ ಕೇಳಿ. ಅಲ್ಲಿಯವರೆಗೆ ಮನೆಯವರಿಗೆ ಮಾತ್ರ.

ಮತ್ತೆ ಆ ಹಲಸಿನ ಮರಕ್ಕೇ ರೇಡಿಯೋ ಕಟ್ಟುವ ಯೋಚನೆ ಇದ್ದರೆ ಬಿಡಿ. ಗಾಳಿಗೆ ಮರ ಅಲ್ಲಾಡುತ್ತದೆ, ಲಿಂಕೂ ಅಲ್ಲಾಡುತ್ತದೆ.

---

ಗುಡ್ಡೆಮನೆ_ಹುಡುಗ

ಅದೇ ಯೋಚನೆ ಇತ್ತು ಮಾರಾಯ್ರೆ, ಒಳ್ಳೆಯದಾಯಿತು ಹೇಳಿದ್ದು. ಹಾಗಾದರೆ ಜಿಐ ಪೈಪ್. ಎಷ್ಟು ಇಂಚಿನದ್ದು? ಹೆಬ್ರಿಯಲ್ಲೇ ತಗೊಳ್ಳಲಾ, ಕಾರ್ಕಳಕ್ಕೆ ಹೋಗಬೇಕಾ?

---

ತೋಟದ_ಟವರ್

ಎಲ್ಲಿ ಬೇಕಾದರೂ ತಗೊಳ್ಳಿ. ಕೆಳಗೆ ಎರಡು ಇಂಚು, ಮೇಲೆ ಒಂದೂವರೆ, ಬಿ ಕ್ಲಾಸ್ ಅಂತ ಕೇಳಿ. ಮೂರು ಕಡೆ ತಂತಿ ಬಿಗಿಯಬೇಕು. ಕಾಂಕ್ರೀಟ್ ಮಳೆಗೆ ಮೊದಲೇ ಹಾಕಿ ಮುಗಿಸಿ.