ಬೋಲ್ಟ್ ಬಿಚ್ಚಿದರೆ ಬಯಲಾಗುವ ಕಾರು

ಪ್ರಶ್ನೆ (ಕಟಪಾಡಿಯಿಂದ)

ಮಂಗಳೂರಿನ ಕುಲಶೇಖರದಲ್ಲಿ 1964ರ ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದು ಮಾರಾಟಕ್ಕಿದೆ. ಎರಡು ಬಾಗಿಲು, ಬಾಳೆಹಣ್ಣಿನ ಬಣ್ಣ, ಮೇಲೆ ಮಡಚಿಡುವ ಕ್ಯಾನ್ವಾಸಿನ ಮಾಡು. ಕಂಪನಿಯಿಂದ ಬರುವಾಗಲೇ ಕನ್ವರ್ಟಿಬಲ್ ಆಗಿತ್ತು ಎಂದು ಮಾಲೀಕರು ಹೇಳುತ್ತಾರೆ. ಎಂಟೂವರೆ ಲಕ್ಷಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ನನಗೆ ಕಾರಿನ ಮೇಲೆ ಮನಸ್ಸಾಗಿದೆ. ಮಳೆಗಾಲದಲ್ಲಿ ಕೊಡೆ ಹಿಡಿದು ಓಡಿಸುವಿರಾ ಎಂದು ಮನೆಯವಳು ಕೇಳುತ್ತಾಳೆ. ಮುಂಗಡ ಕೊಡುವ ಮೊದಲು ಏನೇನು ನೋಡಬೇಕು?

ಉತ್ತರ (ಗ್ಯಾರೇಜಿನವರು)

ಎಂಜಿನ್ ಚಾಲೂ ಆದದ್ದಕ್ಕೆ ಮರುಳಾಗಬೇಡಿ. 948 ಸಿಸಿಯ ಆ ಎಂಜಿನ್ನಿನ ಗುಣವೇ ಅದು, ಸಾಯುವ ಹಿಂದಿನ ದಿನವೂ ಚಾಲೂ ಆಗುತ್ತದೆ.

ಮೊದಲು ಟೊಪ್ಪಿಯ, ಅಂದರೆ ಮಾಡಿನ, ವಿಷಯ. ಹೆರಾಲ್ಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1959ರಲ್ಲಿ. ರೂಪ ಕೊಟ್ಟವರು ಇಟಲಿಯ ಮಿಕೆಲೋಟ್ಟಿ. ಆ ಹೊತ್ತಿಗೆ ಬೇರೆ ಕಂಪನಿಗಳು ಚಾಸಿಸ್ (ಕಾರಿನ ಅಡಿಯ ಉಕ್ಕಿನ ಚೌಕಟ್ಟು) ಬಿಟ್ಟು ಇಡೀ ಬಾಡಿಯನ್ನು ಒಂದೇ ಬೆಸುಗೆಯಲ್ಲಿ ಮಾಡುವುದಕ್ಕೆ ಹೊರಳಿದ್ದವು. ಹೆರಾಲ್ಡ್ ಹೊರತಂದ ಸ್ಟ್ಯಾಂಡರ್ಡ್-ಟ್ರಯಂಫ್‌ಗೆ ಬಾಡಿ ಒದಗಿಸುತ್ತಿದ್ದ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಕಂಪನಿ ಕೊಂಡುಕೊಂಡಿತ್ತು. ಹೀಗಾಗಿ ಅವರು ಹಳೆಯ ಕ್ರಮದಂತೆ ಚಾಸಿಸ್ ಇಟ್ಟುಕೊಂಡು, ಬಾಡಿಯನ್ನು ತುಂಡು ತುಂಡಾಗಿ ಮಾಡಿಸಿ ಬೋಲ್ಟ್ ಹಾಕಿ ಕೂರಿಸಿದರು. ಬಿಡಿಭಾಗ ತರಿಸಿ ಜೋಡಿಸುವ ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆಯಂಥವಕ್ಕೆ ಇದೇ ಅನುಕೂಲವಾಯಿತು. ನಮ್ಮಲ್ಲಿ 1961ರಿಂದ ಈ ಕಾರು ಬಂತು.

ಇದರಿಂದ ನಿಮಗೇನು ಎಂದರೆ, ಈ ಕಾರಿನ ಮಾಡೂ ಬೋಲ್ಟಿನಲ್ಲೇ ನಿಂತಿರುವುದು. ಸ್ಪ್ಯಾನರ್ ಹಿಡಿಯಲು ಬಲ್ಲ ಇಬ್ಬರಿದ್ದರೆ ಸಲೂನ್ (ಗಟ್ಟಿ ಮಾಡಿನ) ಕಾರನ್ನು ಒಂದೇ ದಿನದಲ್ಲಿ ಬಯಲು ಮಾಡಬಹುದು. ‘ಕಂಪನಿಯಿಂದಲೇ’ ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಮುಂದಿನ ಗಾಜಿನ ಚೌಕಟ್ಟಿನ ಮೇಲಂಚನ್ನೂ ಹಿಂಬದಿಯ ಅಂಚನ್ನೂ ಬೆರಳಿನಿಂದ ಸವರಿ ನೋಡಿ, ಪುಟ್ಟಿ ಮೆತ್ತಿ ಮುಚ್ಚಿದ ರಂಧ್ರಗಳು ಸಿಕ್ಕರೆ ಕಥೆ ಮುಗಿಯಿತು. ಆರ್‌ಸಿಯಲ್ಲಿ ಬಾಡಿಯ ಬಗೆ ಏನೆಂದು ಬರೆದಿದೆ, ಓದಿ. ‘ಸಲೂನ್’ ಎಂದಿದ್ದರೆ ಆ ಎಂಟೂವರೆ ಲಕ್ಷದ ಮಾತು ಅಲ್ಲಿಗೇ ನಿಲ್ಲಬೇಕು.

ನಿಜವಾದ ಭಯ ಇರುವುದು ಕೆಳಗೆ. ವರ್ಷಕ್ಕೆ ಮೂರೂವರೆ ಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು, ಜೊತೆಗೆ ಕಡಲ ಉಪ್ಪುಗಾಳಿ. ಹೆರಾಲ್ಡ್‌ನ ಚಾಸಿಸ್ ನಡುವೆ ಬೆನ್ನೆಲುಬಿನಂತೆ ಹೋಗುತ್ತದೆ, ಅದರಿಂದ ಎರಡೂ ಕಡೆಗೆ ಪಕ್ಕೆಲುಬಿನಂಥ ತೋಳುಗಳು ಚಾಚುತ್ತವೆ. ಮೊದಲು ತುಕ್ಕು ತಿನ್ನುವುದು ಈ ತೋಳುಗಳನ್ನೇ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಸತ್ತದ್ದು ಒದ್ದೆ ಹಲಗೆಯಂತೆ ಡಬ್ ಎನ್ನುತ್ತದೆ. ಈಚೆಗೆ ದಪ್ಪವಾಗಿ ಕಪ್ಪು ಬಳಿದಿದ್ದರೆ ಇನ್ನಷ್ಟು ಅನುಮಾನಪಡಿ. ಬಾಗಿಲಿನ ಸಂದನ್ನೂ ನೋಡಿ: ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಎಂದು ಅರ್ಥ. ಮಾಡು ತೆಗೆದ ಕಾರಿನಲ್ಲಿ ಇದು ಬೇಗ ಆಗುತ್ತದೆ.

ಇನ್ನೊಂದು ಪರೀಕ್ಷೆಗೆ ಜೊತೆಗೊಬ್ಬರು ಬೇಕು. ಬಾನೆಟ್ ಎತ್ತಿ (ಈ ಕಾರಿನಲ್ಲಿ ಮಡ್ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ, ಟೈರಿನ ಮೇಲೆ ಕುಳಿತು ಕೆಲಸ ಮಾಡಬಹುದು, ಇಂಥ ಸುಖ ನನಗೆ ಬೇರೆ ಯಾವ ಕಾರಿನಲ್ಲೂ ಸಿಕ್ಕಿಲ್ಲ), ಎಂಜಿನ್ ಆರಿಸಿ, ಅವರಿಗೆ ಕ್ಲಚ್ ಒತ್ತಲು ಹೇಳಿ. ನಿಮ್ಮ ಕಣ್ಣು ಮುಂದಿನ ಪುಲ್ಲಿಯ ಮೇಲಿರಲಿ. ಕ್ಲಚ್ ಒತ್ತಿದಾಗಲೆಲ್ಲ ಪುಲ್ಲಿ ಹಿಂದೆ ಮುಂದೆ ಸರಿಯುವುದು ಬರಿಗಣ್ಣಿಗೆ ಕಂಡರೆ ಒಳಗೆ ಕ್ರ್ಯಾಂಕ್ ಶಾಫ್ಟನ್ನು ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ. ಅದು ಕಳಚಿ ಬಿದ್ದರೆ ಎಂಜಿನ್ ಬ್ಲಾಕೇ ಹಾಳು.

ಮರುಪ್ರಶ್ನೆ (ಮೂಡುಬಿದಿರೆಯಿಂದ)

ಈ ಕಾರಿನ ಮುಂದಿನ ಚಕ್ರ ಮುರಿದು ಬೀಳುತ್ತದೆ ಎಂದು ಕೇಳಿದ್ದೇನೆ. ನಿಜವೇ?

ಉತ್ತರ

ನಿಜ, ಆದರೆ ತಪ್ಪು ಕಾರಿನದಲ್ಲ. ಮುಂದಿನ ಚಕ್ರ ಹೊತ್ತ ಉದ್ದನೆಯ ಕೊಂಡಿಯ ಕೆಳತುದಿಗೆ ತಿರುಪು ಕೊರೆದಿದ್ದಾರೆ. ಅದು ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ಕೂರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಅಲ್ಲಿಯೇ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಗೇರ್ ಎಣ್ಣೆ, ಇಪಿ 90. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ನಿಪ್ಪಲ್ ಕಂಡಲ್ಲೆಲ್ಲ ಗ್ರೀಸ್ ಒತ್ತುವ ಅಭ್ಯಾಸ. ಗ್ರೀಸ್ ತಿರುಪಿನ ಆಳಕ್ಕೆ ಇಳಿಯುವುದಿಲ್ಲ, ನೀರು ಇಳಿಯುತ್ತದೆ. ತುಕ್ಕು ಹಿಡಿದ ಕೊಂಡಿ ಒಂದು ದಿನ ಕಾರು ನಿಲ್ಲಿಸಲು ಚಕ್ರ ಪೂರ್ತಿ ತಿರುಗಿಸಿದಾಗ ತುಂಡಾಗುತ್ತದೆ. ನನ್ನ ತಂದೆಯ ಕಾಲದಲ್ಲಿ ಕಾಪುವಿನಲ್ಲಿ ಹೀಗೆ ಮಂಡಿಯೂರಿ ಕುಳಿತ ಹೆರಾಲ್ಡ್ ಒಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದೆವು. ಅದರ ಟ್ರನಿಯನ್ ಬಿಚ್ಚಿದಾಗ ಒಳಗಿದ್ದದ್ದು ಒಣಗಿದ ಬೆಲ್ಲದಂಥ ಗ್ರೀಸ್.

ಮರುಪ್ರಶ್ನೆ (ಕಟಪಾಡಿಯವರೇ)

ಆಗುಂಬೆ ಘಾಟಿ ಹತ್ತಬಹುದೇ? ಮಳೆಗಾಲಕ್ಕೆ ಏನು ಮಾಡಲಿ?

ಉತ್ತರ

ಹತ್ತುತ್ತದೆ, ನಿಧಾನವಾಗಿ. ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಹೆರಾಲ್ಡ್‌ನಷ್ಟು ಚಿಕ್ಕ ಸುತ್ತಿನಲ್ಲಿ ಹೊರಳುವ ಕಾರು ಅಪರೂಪ. ಇಪ್ಪತ್ತೈದು ಅಡಿ ಜಾಗ ಸಾಕು. ಎಚ್ಚರ ಬೇಕಿರುವುದು ಇಳಿಯುವಾಗ. ಹಿಂದಿನ ಆಕ್ಸಲ್ ನಡುವಿನಿಂದ ಎರಡೂ ಕಡೆಗೆ ರೆಕ್ಕೆಯಂತೆ ಆಡುತ್ತದೆ. ವೇಗವಾಗಿ ತಿರುವಿಗೆ ನುಗ್ಗಿ, ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಬದಿ ಮೇಲೇಳುತ್ತದೆ, ಚಕ್ರ ಒಳಕ್ಕೆ ಮಡಚಿ ಕಾರು ಗಿರಕಿ ಹೊಡೆಯುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ.

ಕ್ಯಾನ್ವಾಸನ್ನು ಒದ್ದೆಯಿರುವಾಗ ಮಡಚಬೇಡಿ. ತುಳುವರ ಆಟಿ ತಿಂಗಳಲ್ಲಿ ಮಡಚಿಟ್ಟರೆ ಮುಂದಿನ ಸೋಣದಲ್ಲಿ ಬಿಡಿಸುವಾಗ ಹಸಿರು ಬೂಸ್ಟು ಸಿಗುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಹೊದೆಸಬೇಡಿ, ಅದು ಕಾರನ್ನು ಬೇಯಿಸುತ್ತದೆ. ಶೆಡ್ಡಿನೊಳಗೆ ಹತ್ತಿಬಟ್ಟೆ ಸಾಕು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ತಿನ್ನುತ್ತದೆ, ನಿಂತಲ್ಲಿಯೇ ತೇವ ಹೀರುತ್ತದೆ. ಕೊಳವೆಗಳನ್ನು ಬದಲಿಸಿ, ಮಳೆಗಾಲಕ್ಕೆ ಮೊದಲು ಕಾರ್ಬುರೇಟರ್ ಬರಿದು ಮಾಡಿ.

ಮರುಪ್ರಶ್ನೆ (ಉಡುಪಿಯಿಂದ)

ನಮ್ಮ ತಂದೆಯ ಫಿಯೆಟ್ 1100 ಮನೆಯಲ್ಲಿಯೇ ನಿಂತಿದೆ. ಒಬ್ಬರು ಅದರ ಮಾಡು ಕತ್ತರಿಸಿ ಕನ್ವರ್ಟಿಬಲ್ ಮಾಡಿಕೊಡುತ್ತೇನೆ, ಮದುವೆ ದಿಬ್ಬಣಕ್ಕೆ ಬಾಡಿಗೆಗೂ ಬಿಡಬಹುದು ಎನ್ನುತ್ತಾರೆ. ಮಾಡಿಸಲೇ?

ಉತ್ತರ

ಬೇಡವೇ ಬೇಡ. ಫಿಯೆಟ್‌ಗೆ ಪ್ರತ್ಯೇಕ ಚಾಸಿಸ್ ಇಲ್ಲ. ಮಾಡು, ಕಂಬ, ನೆಲ ಎಲ್ಲ ಸೇರಿಯೇ ಅದರ ಬಲ. ಬುಟ್ಟಿಯ ಅಂಚು ಕತ್ತರಿಸಿದರೆ ಹೆಣಿಗೆ ಬಿಚ್ಚಿಕೊಳ್ಳುವಂತೆ ಇಡೀ ಬಾಡಿ ಸಡಿಲವಾಗುತ್ತದೆ. ಕೆಲವೇ ತಿಂಗಳಲ್ಲಿ ಬಾಗಿಲು ಹಾಕಲು ಬರುವುದಿಲ್ಲ. ಕಾನೂನೂ ಬಿಡುವುದಿಲ್ಲ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ.

ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರುಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ. ಹಳೆಯ ನೋಂದಣಿ ಸಂಖ್ಯೆಯನ್ನೂ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಓಡಿಸಬಹುದು, ದಿನದ ಓಡಾಟಕ್ಕೂ ಬಾಡಿಗೆಗೂ ಅಲ್ಲ. ಕತ್ತರಿಸಿದರೆ ‘ಮೂಲ ರೂಪ’ ಎಲ್ಲಿ ಉಳಿಯುತ್ತದೆ? ಒಮ್ಮೆ ಧರ್ಮಸ್ಥಳದ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿ ಬನ್ನಿ, ಗರಗಸದವರಿಗೆ ಆಮೇಲೆ ಉತ್ತರ ಕೊಡಿ.

ಪ್ರಶ್ನೆ ಕೇಳಿದವರಿಂದ (ಹತ್ತು ದಿನಗಳ ನಂತರ)

ಹೋಗಿ ನೋಡಿದೆ. ಆರ್‌ಸಿಯಲ್ಲಿ ‘ಸಲೂನ್’ ಎಂದೇ ಇದೆ. ಮುಂದಿನ ಚೌಕಟ್ಟಿನಲ್ಲಿ ಪುಟ್ಟಿ ಸಿಕ್ಕಿತು. ಎಡಬದಿಯ ಎರಡು ತೋಳುಗಳಲ್ಲಿ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಪುಲ್ಲಿ ಮಾತ್ರ ಅಲುಗಲಿಲ್ಲ. ಎಲ್ಲವನ್ನೂ ತೋರಿಸಿದಾಗ ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಹೆರಾಲ್ಡ್‌ನ ಮೂಲ ಟೊಪ್ಪಿ ಹಿಂಬದಿಯ ಗಾಜಿನ ಸಮೇತ ಮಗುಚಿಕೊಂಡಿತ್ತು, ತುಂಬ ತೆಂಗಿನ ಸಿಪ್ಪೆ. ಬೆಲೆ ಈಗ ಐದೂಕಾಲಿಗೆ ಇಳಿದಿದೆ.

ಉತ್ತರ

ಸಿಪ್ಪೆ ಸುರಿದು ಆ ಟೊಪ್ಪಿಯ ಅಂಚುಗಳನ್ನು ನೋಡಿ. ಅಂಚು ಕೊಳೆತಿಲ್ಲವಾದರೆ ನಿಮಗೆ ಸಿಕ್ಕಿದ್ದು ಒಳ್ಳೆಯ ಸಲೂನ್. ಮರಳಿ ಬೋಲ್ಟ್ ಹಾಕಿದರೆ ಕಾರೂ ಆರ್‌ಸಿಯೂ ಒಂದಾಗುತ್ತವೆ, ವಿಂಟೇಜ್ ನೋಂದಣಿಗೂ ದಾರಿಯಾಗುತ್ತದೆ. ಕೊಡೆಯ ಪ್ರಶ್ನೆಗೂ ಮನೆಯಲ್ಲಿ ಉತ್ತರ ಸಿಕ್ಕಂತಾಯಿತು. ತೋಳುಗಳ ಬೆಸುಗೆಯ ಖರ್ಚು ತೋರಿಸಿ ಇನ್ನೂ ಸ್ವಲ್ಪ ಇಳಿಸಿ. ಟೊಪ್ಪಿಯೂ ಗಾಜೂ ಸೇರಿ ಎಂದು ಕಾಗದದಲ್ಲಿ ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ. ಕಾರನ್ನು ಓಡಿಸಿಕೊಂಡು ತರಬೇಡಿ, ಲಾರಿಯಲ್ಲಿ ತನ್ನಿ. ಆ ಟ್ರನಿಯನ್‌ಗಳಿಗೆ ಏನು ತುಂಬಿದ್ದಾರೆ ಎಂದು ನಾವಿನ್ನೂ ನೋಡಿಲ್ಲ.