ಕಂಬಾರರನ್ನು ಕವಿಯೆಂದು ಪರಿಚಯಿಸಬೇಕೇ, ನಾಟಕಕಾರರೆಂದೇ?

ಪ್ರಶ್ನೆ (ಉಪನ್ಯಾಸಕಿ, ಹಾಸನ):
ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಈ ವರ್ಷ ‘ಜೋಕುಮಾರಸ್ವಾಮಿ’ ನಾಟಕವನ್ನು ಆಡಲಿದ್ದಾರೆ. ಪ್ರದರ್ಶನಕ್ಕೆ ಮುನ್ನ ಚಂದ್ರಶೇಖರ ಕಂಬಾರರ ಬದುಕು ಬರಹಗಳ ಕುರಿತು ಹತ್ತು ನಿಮಿಷ ಮಾತನಾಡುವ ಹೊಣೆ ನನ್ನದು. 2010ರ ಸಾಲಿನ ಜ್ಞಾನಪೀಠದಿಂದ ಆರಂಭಿಸಿ ಪ್ರಶಸ್ತಿಗಳ ಪಟ್ಟಿಯನ್ನು ಓದಲು ನನಗೆ ಮನಸ್ಸಿಲ್ಲ. ಮಾತನ್ನು ಅವರ ಕಾವ್ಯದಿಂದ ತೊಡಗಲೇ, ನಾಟಕದಿಂದಲೇ?

ಉತ್ತರ (ಹವ್ಯಾಸಿ ನಿರ್ದೇಶಕ, ಅರಸೀಕೆರೆ):
ಮೇಡಂ, ಕಾವ್ಯದಿಂದಲೇ ತೊಡಗಿರಿ. 1964ರಲ್ಲಿ ಬಂದ ‘ಹೇಳತೇನ ಕೇಳ’ ಕಥನಕವನದಲ್ಲಿ ಊರಗೌಡನನ್ನು ಕೊಂದ ರಾಕ್ಷಸನೊಬ್ಬ ಅವನದೇ ರೂಪ ತೊಟ್ಟು ಊರಿಗೆ ಬರುತ್ತಾನೆ. ‘ಋಷ್ಯಶೃಂಗ’ ನಾಟಕದಲ್ಲಿ ಅದೇ ಕಥಾಲೋಕ ಮುಂದುವರಿಯುತ್ತದೆ. ಹಾಡಿ ಹೇಳಿದ್ದನ್ನು ಅವರು ಆಮೇಲೆ ಆಡಿ ತೋರಿಸಿದರು ಎನ್ನಬಹುದು. ಸಂಭಾಷಣೆ ಸಾಲದೆಂಬ ಕಡೆ ಮೇಳ ಎದ್ದು ಹಾಡುವುದೂ, ಕಥೆಯ ನಡುವೆ ಸೂತ್ರಧಾರ ತಲೆಹಾಕುವುದೂ ಅಲಂಕಾರಕ್ಕಾಗಿ ಅಲ್ಲ, ಕಥೆ ನಡೆಯುವ ರೀತಿಯೇ ಅದು. ಹಾಡುಗಳನ್ನು ಕತ್ತರಿಸಿ ನಾಟಕವನ್ನು ಚಿಕ್ಕದು ಮಾಡುವವರು (ಅಂಥವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ) ಇದನ್ನು ಗಮನಿಸಬೇಕು.

ಉತ್ತರ (ನಿವೃತ್ತ ಕನ್ನಡ ಅಧ್ಯಾಪಕ, ಚಿಕ್ಕಮಗಳೂರು):
ಮೇಲಿನ ಮಾತಿಗೆ ನನ್ನದೊಂದು ತಕರಾರಿದೆ. ಕಂಬಾರರನ್ನು ಕೇವಲ ಹುಟ್ಟುಹಾಡುಗಾರರೆಂದು ಬಣ್ಣಿಸಿದರೆ ಅವರ ಓದನ್ನು ಮರೆಸಿದಂತಾಗುತ್ತದೆ. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ, ಕಮ್ಮಾರಿಕೆಯನ್ನು ನಂಬಿದ ಮನೆಯಲ್ಲಿ ಹುಟ್ಟಿದ ಅವರು ಬಡತನದಿಂದ ನಿಂತುಹೋಗಿದ್ದ ಓದನ್ನು ಸಾವಳಗಿ ಮಠದ ಆಶ್ರಯದಲ್ಲಿ ಮುಂದುವರಿಸಿ, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಪಿಎಚ್.ಡಿ. ಪಡೆದರು. ಬಯಲಾಟ ಅವರಿಗೆ ಬಾಲ್ಯದ ಸೊತ್ತೂ ಹೌದು, ಸಂಶೋಧನೆಯ ವಸ್ತುವೂ ಹೌದು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದದ್ದನ್ನೂ ಈ ಬೆಳಕಿನಲ್ಲಿಯೇ ನೋಡಬೇಕು.

ನಿಮ್ಮ ವಿದ್ಯಾರ್ಥಿಗಳಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಬಿ.ವಿ. ಕಾರಂತರು ‘ಜೋಕುಮಾರಸ್ವಾಮಿ’ಯನ್ನು ಬೆಂಗಳೂರಿನಲ್ಲಿ ರಂಗಕ್ಕೆ ತಂದದ್ದು 1972ರಲ್ಲಿ, ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಮಕ್ಕಳಿಲ್ಲದ ಗೌಡತಿ ಸಂತಾನಕ್ಕಾಗಿ ಗಂಡನಿಗೆಂದು ಮಾಡಿದ ಪಲ್ಯವನ್ನು ಹೊಲದಲ್ಲಿ ಒಕ್ಕಲಿನವ ಬಸಣ್ಣ ಉಣ್ಣುತ್ತಾನೆ. ಹೊಲವೂ ಗೌಡನಿಂದ ಹಸನಾಗದು, ಹೆಂಡತಿಯ ಬಸಿರೂ ಅವನಿಂದಲ್ಲ. ಎರಡನ್ನೂ ಫಲಕ್ಕೆ ತಂದವನೇ ಕೊನೆಗೆ ಕೊಲೆಯಾಗುತ್ತಾನೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಮನೆಮನೆಗೆ ಬಂದು, ಏಳು ದಿನಕ್ಕೆ ಸಾಯುವ ಫಲವಂತಿಕೆಯ ದೈವ ಜೋಕುಮಾರನ ಆಚರಣೆಯನ್ನು ಕಂಬಾರರು ಒಕ್ಕಲುತನದ ಪ್ರಶ್ನೆಗೆ ಜೋಡಿಸಿದ ಬಗೆಯೇ ಈ ನಾಟಕದ ಜೀವ.

ಉತ್ತರ (ಉಪನ್ಯಾಸಕಿ, ಹಾಸನ):
ಇಬ್ಬರಿಗೂ ಧನ್ಯವಾದಗಳು. ಭೂಸುಧಾರಣೆಯ ಮಾತನ್ನು ಖಂಡಿತ ಸೇರಿಸುತ್ತೇನೆ. ಕೇಳುವವರಲ್ಲಿ ಅರ್ಧದಷ್ಟು ಮಂದಿ ರೈತರ ಮನೆಯ ಮಕ್ಕಳೇ. ಉಳಿದದ್ದು ಭಾಷೆಯ ತೊಡಕು: ನಮ್ಮ ಹುಡುಗರ ಬಾಯಲ್ಲಿ ಬೆಳಗಾವಿ ಸೀಮೆಯ ಮಾತು ಅನುಕರಣೆಯಂತೆ ಕೇಳಿಸುತ್ತಿದೆ.

ಉತ್ತರ (ಹವ್ಯಾಸಿ ನಿರ್ದೇಶಕ, ಅರಸೀಕೆರೆ):
ಮೊದಲ ವಾರ ಸಂಭಾಷಣೆಯನ್ನು ಮುಟ್ಟಲೇಬೇಡಿ. ಹಾರ್ಮೋನಿಯಂ ಇಟ್ಟುಕೊಂಡು ಮೇಳದ ಹಾಡುಗಳನ್ನಷ್ಟೇ ಎಲ್ಲರಿಗೂ ಕಲಿಸಿ. ಹಾಡಿನ ಲಯಕ್ಕೆ ನಾಲಿಗೆ ಒಗ್ಗಿದ ಮೇಲೆ ಮಾತು ತಾನಾಗಿ ಹದಕ್ಕೆ ಬರುತ್ತದೆ.